ಇನ್ಫರ್ಮೇಶನ್ ಸಿಸ್ಟಮ್ ಅರ್ಥ ಆಗಬೇಕಾ? ಮೆಡಿಕಲ್ ಶಾಪಿಗೆ ಹೋಗಿ

ಬಿಕಾಂ, ಬಿಬಿಎ ಓದುತ್ತಿರುವವರಿಗೆ ಒಂದು ಮಾತು. ಇನ್ಫರ್ಮೇಶನ್ ಸಿಸ್ಟಮ್ ಅಂದರೆ ಮಾಹಿತಿ ಸೇರಿಸಿ, ಇಟ್ಟುಕೊಂಡು, ಕೆಲಸಕ್ಕೆ ಬರುವ ಹಾಗೆ ಕೊಡುವ ವ್ಯವಸ್ಥೆ. ಅದಕ್ಕೆ ಸುಮ್ನೆ ನೋಟ್ಸ್ ಉರು ಹೊಡೆಯಬೇಡಿ. ಪರಿಚಯದ ಮೆಡಿಕಲ್ ಶಾಪಿನಲ್ಲಿ, ಗಿರಾಕಿ ಕಡಿಮೆ ಇರುವ ಮಧ್ಯಾಹ್ನ, ಒಂದು ಗಂಟೆ ಕಂಪ್ಯೂಟರ್ ಪಕ್ಕ ನಿಂತು ನೋಡಿ. ಒಂದು ಸ್ಟ್ರಿಪ್ ಮಾತ್ರೆಗೆ ಬಿಲ್ ಹಾಕಿದ ತಕ್ಷಣ ಆ ಬ್ಯಾಚಿನ (ಒಟ್ಟಿಗೆ ತಯಾರಾದ ಮಾತ್ರೆಗಳ ಗುಂಪಿನ) ಸ್ಟಾಕ್ ಇಳಿಯುತ್ತದೆ, ಜಿಎಸ್‌ಟಿ ಲೆಕ್ಕಕ್ಕೆ ಸೇರುತ್ತದೆ, ಸ್ಟಾಕ್ ತೀರಾ ಕಡಿಮೆಯಾದರೆ ಆರ್ಡರ್ ಪಟ್ಟಿಗೂ ಬರುತ್ತದೆ. ಒಂದೇ ಎಂಟ್ರಿ, ಮೂರು ಕೆಲಸ!

ಆಮೇಲೆ ಎಕ್ಸ್‌ಪೈರಿ ರಿಪೋರ್ಟ್ ತೋರಿಸಿ ಅಂತ ಕೇಳಿ. ಇದು ತಪ್ಪಿಸಬೇಡಿ. ಮುಂದಿನ 3 ತಿಂಗಳಲ್ಲಿ ಯಾವ ಔಷಧಿಯ ಅವಧಿ ಮುಗಿಯುತ್ತದೆ ಅಂತ ಮೊದಲೇ ಗೊತ್ತಾದರೆ ಡಿಸ್ಟ್ರಿಬ್ಯೂಟರ್‌ಗೆ ವಾಪಸ್ ಕೊಡಬಹುದು, ಇಲ್ಲದಿದ್ದರೆ ದುಡ್ಡು ನೀರಿಗೆ ಹಾಕಿದ ಹಾಗೇ ಅಲ್ವಾ. ಆದರೆ ಎಂಟ್ರಿ ಸರಿ ಇರಬೇಕು. ಒಮ್ಮೆ ನಾನು ಬ್ಯಾಚ್ ನಂಬರಿನಲ್ಲಿ ಒಂದು ಅಂಕಿ ತಪ್ಪು ಹೊಡೆದು, ಸಂಜೆಯೆಲ್ಲ ರ‍್ಯಾಕಿನ ಡಬ್ಬಿ ಎಣಿಸಿದ್ದೇನೆ.