ಬಾಸ್ಕ್ ಪರಿಸರ ಪದ ಕಲಿಯಲು ‘ಗರ್ರಿ’ ಹಿಡಿಯಿರಿ

ಪಟ್ಟಿ ಉರು ಹೊಡೆಯಬೇಡಿ. ಸ್ಪೇನಿನ ಬಾಸ್ಕ್ ನಾಡಿನ ವಿತೋರಿಯಾ-ಗಾಸ್ತೇಯಿಸ್‌ಗೆ, ಅಂದರೆ 2012ರಲ್ಲಿ ‘ಯುರೋಪಿನ ಹಸಿರು ರಾಜಧಾನಿ’ ಬಿರುದು ಪಡೆದ ಊರಿಗೆ, ಓದಲು ಬರುವ ನಮ್ಮ ಹುಡುಗರಿಗೆ ನಾನು ಮೊದಲು ಹೇಳಿಕೊಡುವುದು ಇಲ್ಲಿನ ಬಾಸ್ಕ್ ಭಾಷೆಯ ‘-ಗರ್ರಿ’ ಪ್ರತ್ಯಯ. ‘ಯಸನ್’ ಎಂದರೆ ತಾಳು. ‘ಯಸನ್‌ಗರ್ರಿ’ ಇಂಗ್ಲಿಷಿನ ಸಸ್ಟೇನಬಲ್. ‘ಬೆರ್ರಿಸ್ತಾತು’ ಎಂದರೆ ನವೀಕರಿಸು, ‘ಬೆರ್ರಿಸ್ತಗರ್ರಿ’ ರಿನ್ಯೂವಬಲ್. ಆದರೆ ಗರ್ರಿ ಕಂಡಲ್ಲೆಲ್ಲ ‘ಏಬಲ್’ ಅಂಟಿಸಿದರೆ ಕೆಟ್ಟಿರಿ: ‘ಕುತ್ಸಗರ್ರಿ’ ಎಂದರೆ ಮಲಿನವಾಗಬಲ್ಲದ್ದಲ್ಲ, ಮಲಿನ ಮಾಡುವಂಥದ್ದು, ಪೊಲ್ಯೂಟಿಂಗ್.

ಇನ್ನು ಕ್ರಮ. ಗುಣವಾಚಕ ನಾಮಪದ ಆದಮೇಲೆ ಬರುತ್ತದೆ. ಸಸ್ಟೇನಬಲ್ ಡೆವಲಪ್‌ಮೆಂಟ್ ಇಲ್ಲಿ ‘ಗರಪೆನ್ ಯಸನ್‌ಗರ್ರಿಯಾ’. ಕೊನೆಯ ‘ಆ’ ಹೆಚ್ಚುಕಮ್ಮಿ ಇಂಗ್ಲಿಷಿನ ‘ದಿ’. ಎರಡು ನಾಮಪದ ಸೇರಿದಾಗ ಮಾತ್ರ ನಮ್ಮದೇ ಜಾಡು: ‘ಕ್ಲಿಮಾ-ಅಲ್ದಾಕೆತಾ’, ಹವಾಮಾನ ಬದಲಾವಣೆ.

ಅಭ್ಯಾಸಕ್ಕೆ ಬೀದಿಯ ಕಸದ ಡಬ್ಬಿಗಳೇ ಸಾಕು. ಹಸಿರು ಡಬ್ಬಿ ‘ಬೇಯ್ರಾ’ಗೆ (ಗಾಜು), ನೀಲಿ ‘ಪಪೆರಾ’ಗೆ, ಹಳದಿ ‘ಒಂತ್ಸಿಯಾಕ್’ಗೆ, ಅಂದರೆ ಡಬ್ಬ, ಬಾಟಲಿ, ಪ್ಯಾಕೆಟ್ಟುಗಳಿಗೆ.

ಅನುಮಾನ ಬಂದರೆ ಬಾಸ್ಕ್ ಸರ್ಕಾರದ ಪಾರಿಭಾಷಿಕ ಕೋಶ ‘ಎವುಸ್ಕಾಲ್ತೆರ್ಮ್’ ತೆಗೆಯಿರಿ; ಬಾಸ್ಕ್ ಪದದ ಪಕ್ಕ ಸ್ಪ್ಯಾನಿಷ್, ಫ್ರೆಂಚ್, ಇಂಗ್ಲಿಷೂ ಸಿಗುತ್ತವೆ. ‘ಗರಪೆನ್ ಇರಾವುನ್ಕೊರ್ರಾ’ ಎಂದು ಕಂಡರೆ ಗಾಬರಿ ಬೇಡ, ಅದೂ ಸುಸ್ಥಿರ ಅಭಿವೃದ್ಧಿಯೇ.