ಫೀನಿಕ್ಸ್ ಬಿಸಿಲಿಗೆ ಯಾವ ಗ್ಯಾರೇಜ್ ಓಪನರ್?

ಊರಲ್ಲಿ ಅಂಗಡಿ ಶಟರ್ ಎಳೆದು ಅಭ್ಯಾಸ ಇರುವ ನಮಗೆ ಇಲ್ಲಿಯ, ಅಂದರೆ ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸಿನ, ಗ್ಯಾರೇಜ್ ಬಾಗಿಲು ಮೊದಮೊದಲು ಬರೀ ಒಂದು ಗುಂಡಿ. ಒತ್ತಿದರೆ ಏಳುತ್ತದೆ, ಒತ್ತಿದರೆ ಇಳಿಯುತ್ತದೆ. ಹಾಗೆ ಎತ್ತಿ ಇಳಿಸುವ ಮೋಟಾರು ಯಂತ್ರಕ್ಕೇ ಓಪನರ್ ಎನ್ನುವುದು. ಮುಂಬಾಗಿಲಿಗೆ ತೋರಣ ಕಟ್ಟುತ್ತೇವೆ, ರಂಗೋಲಿ ಹಾಕುತ್ತೇವೆ, ಆದರೆ ಮನೆಯವರೆಲ್ಲ ಓಡಾಡುವುದು ಗ್ಯಾರೇಜಿನಿಂದಲೇ ಅಲ್ವಾ? ಅದು ಕೈಕೊಟ್ಟ ದಿನ ಮನೆಯೇ ಅರ್ಧ ನಿಂತ ಹಾಗೆ. ನನಗೆ ಕೈಕೊಟ್ಟಿದ್ದು ಇಲ್ಲಿಗೆ ಬಂದ ಮೊದಲ ಆಗಸ್ಟಿನಲ್ಲಿ. ಧೂಳಿನ ಬಿರುಗಾಳಿ ಬಂತು, ಕರೆಂಟ್ ಹೋಯಿತು, ಕಾರು ಒಳಗೆ, ಮಗಳನ್ನು ಕರೆತರಬೇಕಾದ ಶಾಲೆ ಆರು ಮೈಲಿ ದೂರ. ತಲೆ ಮೇಲೆ ನೇತಾಡುತ್ತಿದ್ದ ಕೆಂಪು ಹಗ್ಗ ಏನಕ್ಕೆ ಎಂದು ಗೊತ್ತೇ ಇರಲಿಲ್ಲ. ಕೊನೆಗೆ ಪಕ್ಕದ ಮನೆಯ ಅಜ್ಜ ಬಂದು ಅದನ್ನು ಎಳೆದು, ಓಪನರಿನಿಂದ ಬಾಗಿಲನ್ನು ಬಿಡಿಸಿ, ಕೈಯಲ್ಲೇ ಎತ್ತಿ ತೋರಿಸಿದರು. ನೀವು ಇದನ್ನು ಓದಿ ಮುಗಿಸುವ ಮೊದಲು ಗ್ಯಾರೇಜಿಗೆ ಹೋಗಿ ಆ ಹಗ್ಗ ಎಲ್ಲಿದೆ ನೋಡಿಕೊಂಡು ಬನ್ನಿ. ಬಾಗಿಲು ಕೆಳಗೆ ಮುಚ್ಚಿರುವಾಗ ಮಾತ್ರ ಎಳೆಯಬೇಕು. ಮೇಲಿರುವಾಗ ಎಳೆದರೆ, ಬಾಗಿಲಿನ ಭಾರ ಹೊರುವ ಸ್ಪ್ರಿಂಗ್ ಮುರಿದಿದ್ದರೆ, ಬಾಗಿಲು ಧಡಾರನೆ ಬೀಳುತ್ತದೆ.

ಬಾಡಿಗೆ ಮನೆಯಲ್ಲಿದ್ದೀರಾ? ಹಾಗಾದರೆ ಓಪನರ್ ಕೊಳ್ಳಲು ಹೋಗಬೇಡಿ. ಅದು ಮನೆ ಮಾಲೀಕರ ತಲೆನೋವು. ಮಾಲೀಕರಿಗೋ ಮನೆ ನೋಡಿಕೊಳ್ಳುವ ಕಂಪನಿಗೋ ಇಮೇಲಿನಲ್ಲಿ ಬರೆದು ತಿಳಿಸಿ, ಫೋನಿನಲ್ಲಿ ಹೇಳಿ ಸುಮ್ನೆ ಇರಬೇಡಿ. ಸೆನ್ಸರ್, ರಿಮೋಟ್ ವಿಷಯ ಮಾತ್ರ ಓದಿಕೊಳ್ಳಿ, ಅವು ಎಲ್ಲರಿಗೂ ಬರುವ ತೊಂದರೆಗಳು.

ಸ್ವಂತ ಮನೆ ತೆಗೆದುಕೊಂಡವರಿಗೆ ಮೊದಲ ಮಾತು ಬಿಸಿಲಿನ ಬಗ್ಗೆ. ರಾಯಚೂರು, ಕಲಬುರಗಿ ಕಡೆಯಿಂದ ಬಂದವರು "ಬಿಸಿಲು ನಮಗೇನು ಹೊಸದಾ?" ಅಂತಾರೆ. ಇಲ್ಲಿ 2023ರಲ್ಲಿ ಸತತ 31 ದಿನ 110 ಡಿಗ್ರಿ ಫ್ಯಾರನ್‌ಹೀಟ್ ದಾಟಿತ್ತು ಅಥವಾ ಮುಟ್ಟಿತ್ತು. ನಮ್ಮ ಲೆಕ್ಕದಲ್ಲಿ 43 ಡಿಗ್ರಿಗಿಂತ ಜಾಸ್ತಿ. 2024ರಲ್ಲಿ 100 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ದಿನಗಳು ಒಂದೇ ಸಮನೆ 113. ನಾವು ಮನುಷ್ಯರು ಎಸಿಯಲ್ಲಿ ಇರುತ್ತೇವೆ. ಗ್ಯಾರೇಜಿಗೆ ಸಾಮಾನ್ಯವಾಗಿ ಎಸಿ ಇರುವುದಿಲ್ಲ, ಮುಂದೆ ಕಾದ ತಗಡಿನ ಬಾಗಿಲು, ಒಳಗೆ ಆಗ ತಾನೇ ಬಂದು ನಿಂತ ಕಾರಿನ ಎಂಜಿನ್ ಶಾಖ, ಆ ಬಿಸಿ ಗಾಳಿಯೆಲ್ಲ ಮೇಲೇರಿ ಸೇರುವ ಜಾಗದಲ್ಲೇ, ಅಂದರೆ ಛಾವಣಿಗೆ ಅಂಟಿಕೊಂಡ ಹಾಗೆ, ಓಪನರ್ ನೇತಾಡುತ್ತಿರುತ್ತದೆ. ಅದರೊಳಗೆ ಮೋಟಾರು ಮಾತ್ರ ಅಲ್ಲ, ಸರ್ಕ್ಯೂಟ್ ಬೋರ್ಡೂ ಇದೆ. ಎಷ್ಟೋ ಓಪನರ್‌ಗಳಲ್ಲಿ ಬ್ಯಾಟರಿಯೂ ಇದೆ.

ಅಂಗಡಿಯವರು ಮೊದಲು ಮಾತಾಡುವುದು ಎಚ್‌ಪಿ, ಅಂದರೆ ಮೋಟಾರಿನ ಶಕ್ತಿಯ ಬಗ್ಗೆ. ಅರ್ಧ ಎಚ್‌ಪಿ, ಮುಕ್ಕಾಲು, ಒಂದೂಕಾಲು. ಸತ್ಯ ಏನೆಂದರೆ ಬಾಗಿಲನ್ನು ಎತ್ತುವ ಭಾರವೆಲ್ಲ ಸ್ಪ್ರಿಂಗಿನದು. ಸ್ಪ್ರಿಂಗ್ ಸರಿ ಇದ್ದರೆ ಎರಡು ಕಾರಿನ ಬಾಗಿಲನ್ನು ನಾವೇ ಕೈಯಲ್ಲಿ ಎತ್ತಬಹುದು. ಸರಿ ಇಲ್ಲದಿದ್ದರೆ ಎಷ್ಟು ದೊಡ್ಡ ಮೋಟಾರು ಹಾಕಿದರೂ ಅದು ಒದ್ದಾಡಿ, ಬಿಸಿಯಾಗಿ, ಬೇಗ ಹೋಗುತ್ತದೆ. ಆದ್ದರಿಂದ ಓಪನರ್ ಕೊಳ್ಳುವ ಮೊದಲು ಬಾಗಿಲು ಪರೀಕ್ಷೆ ಮಾಡಿ: ಬಾಗಿಲು ಮುಚ್ಚಿ, ಕೆಂಪು ಹಗ್ಗ ಎಳೆದು, ಸೊಂಟದ ಎತ್ತರಕ್ಕೆ ಕೈಯಲ್ಲಿ ಎತ್ತಿ, ಹುಷಾರಾಗಿ ಬಿಡಿ. ಅಲ್ಲೇ ನಿಂತರೆ ಸರಿ. ಕೆಳಗೆ ಜಾರಿದರೆ ಅಥವಾ ಮೇಲಕ್ಕೆ ಹಾರಿದರೆ ಸ್ಪ್ರಿಂಗ್ ಕೆಲಸ ಇದೆ. ಸಾಮಾನ್ಯ ಸ್ಪ್ರಿಂಗಿಗೆ ಸುಮಾರು 10,000 ಸಲ ತೆಗೆದು ಮುಚ್ಚುವ ಆಯಸ್ಸು. ದಿನಕ್ಕೆ ನಾಲ್ಕು ಸಲ ಎಂದರೆ ಏಳು ವರ್ಷದ ಹತ್ತಿರ. ಸ್ಪ್ರಿಂಗನ್ನು ಮಾತ್ರ ಯೂಟ್ಯೂಬ್ ನೋಡಿ ನೀವೇ ಬಿಚ್ಚಲು ಹೋಗಬೇಡಿ, ಬಿಗಿಯಾಗಿ ಸುತ್ತಿದ ಸ್ಪ್ರಿಂಗ್ ಬಿಚ್ಚಿಕೊಂಡರೆ ಕೈ ಮುರಿಯುತ್ತದೆ. ಇದು ಹೆದರಿಸಲು ಹೇಳುತ್ತಿರುವ ಮಾತಲ್ಲ.

ಕೆಲಸದವರನ್ನು ಕರೆಯುವಾಗ ಒಂದು ಎಚ್ಚರ. ನಮ್ಮ ಮನೆಗೆ ಬಂದ ಒಬ್ಬರು ಹತ್ತು ನಿಮಿಷ ನೋಡಿ, ಸ್ಪ್ರಿಂಗ್, ರೋಲರ್, ಬಾಗಿಲೆತ್ತುವ ತಂತಿ ಹಗ್ಗ, ಓಪನರ್ ಎಲ್ಲಾ ಇವತ್ತೇ ಬದಲಿಸಬೇಕು, ಇವತ್ತಾದರೆ ರಿಯಾಯಿತಿ ಅಂದರು. ಇನ್ನೊಬ್ಬರನ್ನು ಕರೆಸಿದೆ. ಒಂದು ಸ್ಪ್ರಿಂಗ್ ಜೋಡಿ ಬದಲಿಸಿ ಹೋದರು. ಎರಡು ಕಡೆ ಬೆಲೆ ಕೇಳುವುದು ಇಲ್ಲಿ ಅವಮಾನ ಅಲ್ಲ. ಅರಿಜೋನಾದಲ್ಲಿ ಕೂಲಿ, ಸಾಮಾನು ಸೇರಿ 1,000 ಡಾಲರ್ ಮೀರುವ ಕೆಲಸಕ್ಕೆ ರಾಜ್ಯದ ಕಂಟ್ರಾಕ್ಟರ್ ಲೈಸೆನ್ಸ್ ಬೇಕು, ಅದು ಇದೆಯೋ ಇಲ್ಲವೋ ಎಂದು ರಿಜಿಸ್ಟ್ರಾರ್ ಆಫ್ ಕಂಟ್ರಾಕ್ಟರ್ಸ್ ವೆಬ್‌ಸೈಟಿನಲ್ಲಿ ನೋಡಬಹುದು.

ಈಗ ಓಪನರ್. ಬಾಗಿಲನ್ನು ಯಾವುದರಿಂದ ಎಳೆಯುತ್ತದೆ ಎಂಬುದರ ಮೇಲೆ ಅದರ ಬಗೆ. ಚೈನಿನದು ಗಟ್ಟಿ, ಅಗ್ಗ, ಬಿಸಿಲಿಗೆ ಜಗ್ಗುವುದಿಲ್ಲ, ಆದರೆ ಗಿರಣಿ ಹಾಗೆ ಸದ್ದು. ಗ್ಯಾರೇಜಿನ ಮೇಲೆ ಮಲಗುವ ಕೋಣೆ ಇದ್ದರೆ, ಮನೆಯಲ್ಲಿ ರಾತ್ರಿ ಪಾಳಿಯವರು ಇದ್ದರೆ ಬೇಡ. ಬೆಲ್ಟಿನದು ಮೆತ್ತಗೆ ಓಡುತ್ತದೆ. "ರಬ್ಬರ್ ಅಲ್ವಾ, ಕರಗಲ್ವಾ?" ಎಂದು ಎಲ್ಲರೂ ಕೇಳುತ್ತಾರೆ. ಬೆಲ್ಟಿನ ಒಳಗೆ ಉಕ್ಕಿನ ಎಳೆ ಇರುವಂಥದ್ದನ್ನು ತೆಗೆದುಕೊಂಡರೆ ಆ ಚಿಂತೆ ಇಲ್ಲ. ಉದ್ದ ಸ್ಕ್ರೂ ತಿರುಗಿ ಬಾಗಿಲು ಎಳೆಯುವ ಮಾದರಿ ಬೇಡ, ಚಳಿ ಬಿಸಿಲಿನ ಏರಿಳಿತಕ್ಕೆ ಅದರ ಗ್ರೀಸ್ ಹದ ತಪ್ಪುತ್ತದೆ. ಇನ್ನೊಂದು ಗೋಡೆಗೆ, ಬಾಗಿಲಿನ ಪಕ್ಕಕ್ಕೆ ಹಾಕುವಂಥದ್ದು. ಛಾವಣಿ ಖಾಲಿ ಉಳಿಯುತ್ತದೆ, ಸೈಕಲ್, ಸೂಟ್‌ಕೇಸ್ ತೂಗುಹಾಕಬಹುದು, ಸದ್ದೂ ಕಡಿಮೆ. ಆದರೆ ಬೆಲೆ ಜಾಸ್ತಿ, ಬಾಗಿಲಿನ ಮೇಲೆ ಅಡ್ಡ ಸರಳಿಗೆ ಸುತ್ತಿದ ಸ್ಪ್ರಿಂಗ್ ಇದ್ದರೆ ಮಾತ್ರ ಕೂರುತ್ತದೆ. ನನ್ನನ್ನು ಕೇಳಿದರೆ ಬಹುಪಾಲು ಮನೆಗಳಿಗೆ ಡಿಸಿ ಮೋಟಾರಿನ, ಬೆಲ್ಟಿನ, ಮುಕ್ಕಾಲು ಎಚ್‌ಪಿಯದು ಸಾಕು. ಭಾರದ ಮರದ ಬಾಗಿಲು ಇದ್ದವರು ಮಾತ್ರ ಅದಕ್ಕಿಂತ ದೊಡ್ಡದಕ್ಕೆ ಹೋಗಿ. ಹಳೆಯ ಎಸಿ ಮೋಟಾರಿನವು (ಮನೆ ತಂಪು ಮಾಡುವ ಎಸಿ ಅಲ್ಲ, ಎಸಿ ಕರೆಂಟಿನಲ್ಲಿ ಓಡುವ ಮೋಟಾರು) ನಾಲ್ಕೈದು ಸಲ ಬೆನ್ನುಬೆನ್ನಿಗೆ ಓಡಿಸಿದರೆ ಬಿಸಿಯಾಗಿ ತಾವಾಗಿ ನಿಲ್ಲುತ್ತವೆ. ಮಕ್ಕಳು ಗುಂಡಿ ಒತ್ತಿ ಆಡಿದ ಮಧ್ಯಾಹ್ನ ಇದು ಗ್ಯಾರಂಟಿ. ಕೆಟ್ಟಿಲ್ಲ, ಕಾಲು ಗಂಟೆ, ಇಪ್ಪತ್ತು ನಿಮಿಷ ಬಿಡಿ.

ಕರೆಂಟ್ ಹೋದರೂ ಬಾಗಿಲು ಎತ್ತುವ ಬ್ಯಾಟರಿ ಇರುವಂಥದ್ದನ್ನೇ ತೆಗೆದುಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈಯಿಂದ ಹೊಸ ಓಪನರ್‌ಗೆ ಅದು ಕಡ್ಡಾಯ, ಇಲ್ಲಿ ಅಲ್ಲ, ಆದ್ದರಿಂದ ಕೇಳಿ ಪಡೆಯಬೇಕು. ಇಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ ಮಾನ್ಸೂನ್ ಎಂದು ಲೆಕ್ಕ. ನಮ್ಮ ಆಗುಂಬೆ ಮಳೆ ನೆನೆಸಿಕೊಂಡು ನಗಬೇಡಿ, ಮಳೆಗಿಂತ ಗಾಳಿ, ಧೂಳು, ಸಿಡಿಲು ಜಾಸ್ತಿ, ಕರೆಂಟ್ ಹೋಗುವುದು ಆಗಲೇ. ಒಂದು ಬೇಜಾರಿನ ವಿಷಯ: ಈ ಸೀಸ-ಆಮ್ಲದ ಬ್ಯಾಟರಿಗಳಿಗೆ ಬಿಸಿಲೇ ಶತ್ರು. ತಂಪು ಊರಿನವರಿಗೆ ಬಾಳಿದಷ್ಟು ನಮಗೆ ಬಾಳುವುದಿಲ್ಲ. ಪ್ರತಿ ವರ್ಷ ಮೇ ತಿಂಗಳಲ್ಲಿ ಪ್ಲಗ್ ತೆಗೆದು ಬಾಗಿಲು ಏಳುತ್ತದಾ ನೋಡಿ, ಏಳದಿದ್ದರೆ ಬದಲಿಸಿ. ಜತೆಗೆ ಛಾವಣಿಯ ಪ್ಲಗ್ಗಿಗೆ ಒಂದು ಸರ್ಜ್ ಪ್ರೊಟೆಕ್ಟರ್, ಅಂದರೆ ಕರೆಂಟ್ ಏಕಾಏಕಿ ಏರಿದರೆ ತಡೆಯುವ ಸಾಧನ, ಹಾಕಿ. ಸಿಡಿಲಿಗೆ ಬೋರ್ಡ್ ಸುಟ್ಟರೆ ಹೊಸ ಬೋರ್ಡಿನ ಬೆಲೆಗೆ ಇನ್ನಷ್ಟು ಸೇರಿಸಿದರೆ ಹೊಸ ಓಪನರೇ ಬರುತ್ತದೆ.

ಪೂರ್ವ ದಿಕ್ಕಿನ ಮನೆಯ ಸೆನ್ಸರ್

ಇದನ್ನು ನಮ್ಮವರಿಗಾಗಿಯೇ ಬರೆಯಬೇಕು. ವಾಸ್ತು ನೋಡಿ, ಹುಡುಕಿ ಹುಡುಕಿ ಪೂರ್ವಕ್ಕೆ ಮುಖ ಮಾಡಿದ ಮನೆ ಕೊಳ್ಳುತ್ತೇವೆ. ಇಲ್ಲಿಯ ಬಡಾವಣೆಗಳಲ್ಲಿ ಮುಂಬಾಗಿಲು ಎತ್ತಲೋ ಗ್ಯಾರೇಜೂ ಸಾಮಾನ್ಯವಾಗಿ ಅತ್ತಲೇ. ಬೆಳಗ್ಗೆ ಏಳೂವರೆಗೆ, ಮಕ್ಕಳನ್ನು ಶಾಲೆಗೆ ಬಿಡುವ ಆತುರದಲ್ಲಿ, ಬಾಗಿಲು ಅರ್ಧ ಇಳಿದು ಮತ್ತೆ ಮೇಲೆ ಹೋಗುತ್ತದೆ, ದೀಪ ಮಿಣುಕುತ್ತದೆ. ಮಧ್ಯಾಹ್ನ ನೋಡಿದರೆ ಏನೂ ಆಗಿಲ್ಲವೆಂಬಂತೆ ಮುಚ್ಚುತ್ತದೆ! ಬಾಗಿಲಿನ ಎರಡೂ ಬದಿ ನೆಲದಿಂದ ಆರು ಇಂಚಿನೊಳಗೆ ಇರುವ ಪುಟ್ಟ ಕಣ್ಣುಗಳಲ್ಲಿ ಒಂದು ಬೆಳಕು ಕಳಿಸುತ್ತದೆ, ಇನ್ನೊಂದು ಹಿಡಿಯುತ್ತದೆ. ಹಿಡಿಯುವ ಕಣ್ಣಿಗೆ ಎಳೆ ಬಿಸಿಲು ನೇರ ಬಿದ್ದರೆ ಅದಕ್ಕೆ ಕಣ್ಣು ಕುಕ್ಕಿದ ಹಾಗೆ, ಏನೋ ಅಡ್ಡ ಇದೆ ಎಂದುಕೊಳ್ಳುತ್ತದೆ. ಪಶ್ಚಿಮದ ಮನೆಯವರಿಗೆ ಇದೇ ಆಟ ಸಂಜೆ. ಪರಿಹಾರ ಸುಲಭ: ಎರಡೂ ಕಣ್ಣನ್ನು ಅದಲುಬದಲು ಮಾಡಿ, ಹಿಡಿಯುವುದು ನೆರಳಿನ ಕಡೆ ಬರಲಿ. ಅದಾಗದಿದ್ದರೆ ಅದರ ಮುಂದೆ ಮೂರು ನಾಲ್ಕು ಇಂಚಿನ ಪ್ಲಾಸ್ಟಿಕ್ ಕೊಳವೆ ತುಂಡು ಸಿಕ್ಕಿಸಿ. ಮೊದಲು ಧೂಳು ಒರೆಸಿ ನೋಡಿ, ಬಿರುಗಾಳಿಯ ಮರುದಿನ ಅಷ್ಟೇ ಸಾಕಾಗಬಹುದು. ಅಷ್ಟರವರೆಗೆ ಗೋಡೆಯ ಗುಂಡಿಯನ್ನು ಒತ್ತಿ ಹಿಡಿದರೆ ಬಾಗಿಲು ಮುಚ್ಚುತ್ತದೆ, ಆದರೆ ಆಗ ಕಣ್ಣಿನ ಕಾವಲು ಇರುವುದಿಲ್ಲ, ಕೆಳಗೆ ಮಗುವಿಲ್ಲ ಎಂದು ನೋಡುತ್ತಾ ಒತ್ತಿ. ಸೆನ್ಸರನ್ನು ಬಿಚ್ಚಿ ಎರಡೂ ಕಣ್ಣನ್ನು ಎದುರುಬದುರು ಛಾವಣಿಗೆ ಕಟ್ಟುವ ಜಾಣತನ ಬೇಡ. 1993ರಿಂದ ತಯಾರಾದ ಮನೆ ಓಪನರ್‌ಗಳಿಗೆ ಇಂಥ ರಕ್ಷಣೆ ಕಡ್ಡಾಯವಾದದ್ದು ಮಕ್ಕಳು ಬಾಗಿಲಿನಡಿ ಸಿಕ್ಕಿ ಸತ್ತ ಮೇಲೆ. ತಿಂಗಳಿಗೊಮ್ಮೆ ಬಾಗಿಲಿನ ಕೆಳಗೆ ಒಂದೂವರೆ ಇಂಚು ದಪ್ಪದ ಮರದ ತುಂಡು ಮಲಗಿಸಿ ಮುಚ್ಚಿ. ತಾಗಿದ ತಕ್ಷಣ ಬಾಗಿಲು ವಾಪಸ್ ಏಳಬೇಕು.

ಸಣ್ಣಪುಟ್ಟವು

ಬಾಗಿಲಿನ ಕೆಳಗಿನ ರಬ್ಬರ್ ಪಟ್ಟಿ ಇಲ್ಲಿ ಬೇಗ ಒಣಗಿ ಸೀಳುತ್ತದೆ. ಅದು ಬರೀ ಧೂಳಿನ ಪ್ರಶ್ನೆಯಲ್ಲ. ಇಲ್ಲಿಯ ಚೇಳು ಕ್ರೆಡಿಟ್ ಕಾರ್ಡ್ ದಪ್ಪದ ಸಂದಿಯಲ್ಲೂ ನುಸುಳುತ್ತದೆ. ಹೊಸ ಓಪನರ್ ಹಾಕಿಸಿದ ದಿನವೇ ರಾತ್ರಿ ಒಳಗೆ ಟಾರ್ಚ್ ಇಟ್ಟು, ಹೊರಗೆ ನಿಂತು, ಕೆಳಗೆ ಬೆಳಕು ಕಾಣುತ್ತದಾ ನೋಡಿ. ಕಂಡರೆ ಬಾಗಿಲು ಇಳಿಯುವ ಮಿತಿ ಸರಿಮಾಡಿಸಿ.

ರೋಲರ್, ಕೀಲುಗಳಿಗೆ ಸಿಲಿಕೋನ್ ಅಥವಾ ಲಿಥಿಯಂ ಸ್ಪ್ರೇ ವರ್ಷಕ್ಕೆ ಎರಡು ಸಲ. ಹಳಿಗೆ ಏನೂ ಬಳಿಯಬೇಡಿ, ಧೂಳು ಅಂಟಿ ಒಬ್ಬಟ್ಟಿನ ಹೂರಣದಂತೆ ಗಟ್ಟಿಯಾಗುತ್ತದೆ.

ರಿಮೋಟನ್ನು ಕಾರಿನ ಗಾಜಿನ ಪಕ್ಕ ಸಿಕ್ಕಿಸಿ ದಿನವಿಡೀ ಆಫೀಸಿನ ಬಿಸಿಲಲ್ಲಿ ನಿಲ್ಲಿಸಿದರೆ ಅದರ ಬಿಲ್ಲೆ ಬ್ಯಾಟರಿ ಬೇಗ ಸಾಯುತ್ತದೆ. ಕಳ್ಳನಿಗೂ ಅದು ಮನೆ ಕೀಲಿಯೇ. ಓಪನರಿನ ದೀಪಕ್ಕೆ ಅಗ್ಗದ ಎಲ್‌ಇಡಿ ಬಲ್ಬ್ ಹಾಕಿದ ಮೇಲೆ ರಿಮೋಟ್ ಹತ್ತಿರ ಬಂದರೆ ಮಾತ್ರ ಕೆಲಸ ಮಾಡುತ್ತಿದೆಯಾ? ಬಲ್ಬ್ ತೆಗೆದು ನೋಡಿ, ಎಷ್ಟೋ ಸಲ ತಪ್ಪಿತಸ್ಥ ಅದೇ.

ಶಾಲೆ ರಜೆಗೆ, ಜೂನಿನಲ್ಲಿ, ತಿಂಗಳುಗಟ್ಟಲೆ ಊರಿಗೆ ಹೋಗುವವರು ಗೋಡೆಯ ಗುಂಡಿಯಲ್ಲಿರುವ ಲಾಕ್ ಒತ್ತಿ ಹೋಗಿ, ಆಗ ಹೊರಗಿನ ಯಾವ ರಿಮೋಟಿಗೂ ಬಾಗಿಲು ಬಗ್ಗುವುದಿಲ್ಲ. ಓಪನರಿನ ಪ್ಲಗ್ ಕಿತ್ತರೆ ಸಾಕು ಎಂದುಕೊಳ್ಳಬೇಡಿ. ಅದು ಬ್ಯಾಟರಿಯಲ್ಲಿ ಓಡುತ್ತಾ, ಬೀಪ್ ಬೀಪ್ ಅನ್ನುತ್ತಾ, ಬ್ಯಾಟರಿಯನ್ನು ಪೂರ್ತಿ ಬಸಿದುಬಿಡುತ್ತದೆ. ಮುಂಬಾಗಿಲಿನ ಕೀಲಿ ಕೈಚೀಲದಲ್ಲೇ ಇರಲಿ. ಬೆಳಗಿನ ಜಾವ ಎರಡಕ್ಕೆ ಸ್ಕೈ ಹಾರ್ಬರ್ ವಿಮಾನ ನಿಲ್ದಾಣದಿಂದ ನಾಲ್ಕು ಸೂಟ್‌ಕೇಸ್, ನಿದ್ದೆಗಣ್ಣಿನ ಮಕ್ಕಳ ಜತೆ ಬಂದು ಇಳಿದಾಗ ಕರೆಂಟ್ ಇಲ್ಲದಿದ್ದರೆ, ಆ ಒಂದು ಕೀಲಿ ಇದ್ದವರೇ ಒಳಗೆ.