ನಾಯಿಗೋ ಹಸುವಿಗೋ ಹುಚ್ಚು ಹಿಡಿದಿದೆ ಅನ್ನಿಸಿದರೆ ಏನು ಮಾಡಬೇಕು?

ಮದ್ದೂರಿನ ಹತ್ತಿರ ನಮ್ಮ ಚಿಕ್ಕಪ್ಪನ ಮನೆಯಲ್ಲಿ ಒಂದು ಸೀಮೆಹಸು ಇತ್ತು. ಒಂದು ಬೆಳಿಗ್ಗೆ ಅದು ಮೇವು ಮುಟ್ಟಲಿಲ್ಲ. ಬಾಯಿಂದ ಜೊಲ್ಲು ದಾರದ ಹಾಗೆ ಇಳಿಯುತ್ತಿತ್ತು. ಕಬ್ಬಿನ ಸೋಗೆ ಗಂಟಲಿಗೆ ಸಿಕ್ಕಿರಬೇಕು ಅಂದುಕೊಂಡ ಚಿಕ್ಕಪ್ಪ, ನಾಲಿಗೆ ಎಳೆದು ಹಿಡಿದು ಇನ್ನೊಂದು ಕೈಯನ್ನು ಒಳಗೆ ಹಾಕಿ ತಡಕಿದರು. ಏನೂ ಸಿಗಲಿಲ್ಲ. ದವಡೆ ಹಲ್ಲು ತಾಗಿ ಬೆರಳ ಗೆಣ್ಣಿನ ಮೇಲೆ ಎರಡು ಗೆರೆ ಬಿತ್ತು, ಅಷ್ಟೇ. ಸಂಜೆ ಹಸುವಿನ ದನಿ ಒಡೆದು, ಬಿಡದೆ ಕೂಗತೊಡಗಿತು. ಬಂದ ಪಶು ವೈದ್ಯರು ಕೊಟ್ಟಿಗೆ ಬಾಗಿಲಲ್ಲೇ ನಿಂತು ಕೇಳಿದ ಮೊದಲ ಮಾತು: "ಯಾರ್ಯಾರು ಬಾಯಿಗೆ ಕೈ ಹಾಕಿದ್ದೀರಿ?" ಚಿಕ್ಕಪ್ಪನಿಗೆ ಅವತ್ತೇ ಲಸಿಕೆ ಶುರುವಾಯಿತು. ಈಗ ಚೆನ್ನಾಗಿದ್ದಾರೆ. ಹಸು ಮೂರನೇ ದಿನ ಸತ್ತಿತು.

ಆದ್ದರಿಂದ ಮೊದಲ ಕೆಲಸ, ಕೈ ಹಾಕದೇ ಇರುವುದು. ರೇಬೀಸ್ ಅಂದರೆ ಇದೇ ಹುಚ್ಚು ರೋಗ, ಅದರ ವೈರಸ್ ಇರುವುದೇ ಜೊಲ್ಲಿನಲ್ಲಿ. ಹಸು, ಎಮ್ಮೆ ಜೊಲ್ಲು ಸುರಿಸುತ್ತಾ, ದನಿ ಬದಲಾಗಿ, ಪದೇ ಪದೇ ತಿಣುಕುತ್ತಿದ್ದರೆ ಅನುಮಾನ ಪಡಿ. ನಾಯಿ ಸಿಕ್ಕಿದ್ದನ್ನೆಲ್ಲ ಕಚ್ಚಬಹುದು. ಇಲ್ಲವೇ ದವಡೆ ಜೋತುಬಿದ್ದು, ಕತ್ತಲ ಮೂಲೆಯಲ್ಲಿ ಸುಮ್ನೆ ಮಲಗಿರಬಹುದು. ಈ ಎರಡನೆಯದಕ್ಕೇ ಜನ ಮೋಸ ಹೋಗುವುದು ಜಾಸ್ತಿ. "ನೀರು ಕುಡೀತಲ್ಲ, ಹುಚ್ಚಲ್ಲ ಬಿಡಿ" ಅನ್ನುತ್ತಾರೆ ಅಲ್ವಾ? ಅದು ತಪ್ಪು. ನೀರು ಕಂಡರೆ ಹೆದರುವುದು ರೋಗ ಬಂದ ಮನುಷ್ಯರು. ಹುಚ್ಚು ನಾಯಿ ನೀರು ಕುಡಿಯಲೂಬಹುದು.

ಎರಡನೆಯದು, ಪ್ರಾಣಿಯನ್ನು ಒಂದು ಕಡೆ ನಿಲ್ಲಿಸಿ. ಸಾಕಿದ ನಾಯಿಯಾದರೆ ಕೋಣೆಯೊಳಗೆ ಬಿಟ್ಟು ಬಾಗಿಲು ಹಾಕಿ. ಹಸುವಾದರೆ ಉಳಿದ ದನಗಳನ್ನು ಬೇರೆ ಕಡೆ ಕಟ್ಟಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಬೀದಿನಾಯಿಯಾದರೆ ನೀವು ಹಿಡಿಯಲು ಹೋಗಬೇಡಿ. ಎಲ್ಲಿದೆ ಎಂದು ದೂರದಿಂದ ಕಣ್ಣಿಟ್ಟರೆ ಸಾಕು.

ಆಮೇಲೆ ತಿಳಿಸಿ. ಮೈಸೂರಿನಲ್ಲಿ ಮಹಾನಗರ ಪಾಲಿಕೆಗೆ, ಮಂಡ್ಯದಲ್ಲಿ ನಗರಸಭೆಗೆ, ಹಳ್ಳಿಯಲ್ಲಿ ಪಂಚಾಯಿತಿಗೆ. ಜಾನುವಾರಾದರೆ ಹತ್ತಿರದ ಪಶು ಆಸ್ಪತ್ರೆಗೆ, ಅಥವಾ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಕಲ್ಲು, ದೊಣ್ಣೆ ಹಿಡಿದು ಅಟ್ಟಿಸಿಕೊಂಡು ಹೋಗುವ ಅಭ್ಯಾಸ ನಮ್ಮ ಕೇರಿಗಳಲ್ಲಿ ಇನ್ನೂ ಹೋಗಿಲ್ಲ. ದಯವಿಟ್ಟು ಬೇಡ. ಹೆದರಿ ಓಡುವ ನಾಯಿ ದಾರಿಯಲ್ಲಿ ಸಿಕ್ಕ ಇನ್ನೂ ನಾಲ್ಕು ಜನಕ್ಕೆ ಬಾಯಿ ಹಾಕುತ್ತದೆ. ಕಾನೂನೂ ಇದನ್ನು ಒಪ್ಪುವುದಿಲ್ಲ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಅನುಮಾನದ ನಾಯಿಯನ್ನು ಹಿಡಿದು ಪ್ರತ್ಯೇಕವಾಗಿ ಇಡಬೇಕು. ಸ್ಥಳೀಯ ಸಂಸ್ಥೆಯ ಪಶು ವೈದ್ಯರು, ಪ್ರಾಣಿ ಕಲ್ಯಾಣ ಸಂಸ್ಥೆಯ ಒಬ್ಬರು ಸೇರಿ ನೋಡುತ್ತಾರೆ. ರೇಬೀಸ್ ಇರುವ ಸಾಧ್ಯತೆ ಹೆಚ್ಚು ಎಂದಾದರೆ ಅದು ತಾನಾಗಿ ಸಾಯುವವರೆಗೂ ಹಾಗೇ ಇಡುತ್ತಾರೆ. ಇನ್ನೊಂದು ಕಾರಣವೂ ಇದೆ. ರೇಬೀಸ್ ಹೌದೋ ಅಲ್ಲವೋ ಎಂದು ಖಚಿತವಾಗುವುದು ಮೆದುಳಿನ ಪರೀಕ್ಷೆಯಿಂದ. ಬೆಂಗಳೂರಿನ ಹೆಬ್ಬಾಳದ ಪಶು ವೈದ್ಯಕೀಯ ಕಾಲೇಜಿನಲ್ಲಿ ಈ ಪ್ರಯೋಗಾಲಯವಿದೆ. ತಲೆಗೆ ಹೊಡೆದು ಕೊಂದರೆ ಪರೀಕ್ಷೆಗೆ ಏನು ಉಳಿಯುತ್ತದೆ?

ಯಾರಿಗಾದರೂ ಕಚ್ಚಿದ್ದರೆ, ಪರಚಿದ್ದರೆ, ಗಾಯಕ್ಕೆ ಜೊಲ್ಲು ತಾಗಿದ್ದರೆ, ಉಳಿದದ್ದೆಲ್ಲ ಬಿಟ್ಟು ನಲ್ಲಿ ಕೆಳಗೆ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ. ಸುಣ್ಣ, ಖಾರದ ಪುಡಿ, ಕಾಫಿ ಪುಡಿ ಯಾವುದನ್ನೂ ಮೆತ್ತಬೇಡಿ. ನೇರ ಸರ್ಕಾರಿ ಆಸ್ಪತ್ರೆಗೆ ಹೋಗಿ, ಲಸಿಕೆ ಉಚಿತ. ಹೊಕ್ಕುಳ ಸುತ್ತ 14 ಚುಚ್ಚುವ ಕಾಲ ಯಾವಾಗಲೋ ಮುಗಿಯಿತು. ಈಗ ತೋಳಿಗೆ ಹಾಕುತ್ತಾರೆ. ಗಾಯದಲ್ಲಿ ರಕ್ತ ಬಂದಿದ್ದರೆ ಇಮ್ಯುನೊಗ್ಲೋಬುಲಿನ್ (ವೈರಸ್ಸನ್ನು ತಕ್ಷಣ ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕು, ಕೇಳಿ ಹಾಕಿಸಿಕೊಳ್ಳಿ. ನಾಯಿಯನ್ನು ಹತ್ತು ದಿನ ನೋಡೋಣ ಎಂದು ಲಸಿಕೆ ಮುಂದೂಡಬೇಡಿ. ಲಸಿಕೆ ಶುರು ಮಾಡಿಕೊಂಡೇ ನೋಡಬೇಕು. ಆ ಹತ್ತು ದಿನದ ಲೆಕ್ಕವೂ ನಾಯಿ, ಬೆಕ್ಕಿಗೆ ಮಾತ್ರ, ಹಸುವಿಗಲ್ಲ.

ಅನುಮಾನದ ಹಸುವಿನ ಹಾಲನ್ನು ಡೇರಿಗೆ ಹಾಕಬೇಡಿ. ಕಾಯಿಸಿದ ಹಾಲು ಕುಡಿದವರು ಗಾಬರಿಯಾಗಬೇಕಿಲ್ಲ, ಕಾಯಿಸಿದರೆ ವೈರಸ್ ಸಾಯುತ್ತದೆ. ಹಸಿ ಹಾಲು ಕುಡಿದಿದ್ದರೆ ವೈದ್ಯರಿಗೆ ಹೇಳಿ.

ಪ್ರಾಣಿ ಸತ್ತರೆ ನಾಲೆಗೆ, ತಿಪ್ಪೆಗೆ ಎಸೆಯಬೇಡಿ. ಚರ್ಮ ಸುಲಿಯಬೇಡಿ. ಪಶು ವೈದ್ಯರು ಹೇಳಿದಂತೆ ಸುಡಬೇಕು, ಇಲ್ಲವೇ ಆಳವಾಗಿ ಹೂಳಬೇಕು. ಗ್ಲೌಸ್ ಹಾಕಿಕೊಂಡೇ ಮುಟ್ಟಿ. ಕೊಟ್ಟಿಗೆಯನ್ನು ಬ್ಲೀಚಿಂಗ್ ಪೌಡರ್ ನೀರಿನಲ್ಲಿ ತೊಳೆದು ಬಿಸಿಲು ಬೀಳಲು ಬಿಡಿ. ಹಳೇ ಹಗ್ಗ, ಮೂಗುದಾರ ಸುಟ್ಟುಬಿಡಿ.